ಒಂದೇ ರೀಲು, ಎರಡು ಪಂದ್ಯ

ಅಮೆರಿಕದ ನಡುನಾಡಿನಲ್ಲಿ ನೆಲೆಸಿದ್ದ ಡಾರ್ಟ್‌ಮತ್ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರ ಕೈಗೆ ಒಂದು ಫಿಲ್ಮ್ ರೀಲು ಬಂತು. 1951ರ ನವೆಂಬರಿನಲ್ಲಿ ಅವರ ಕಾಲೇಜು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದೆದುರು ಆಡಿ ಸೋತಿದ್ದ ಅಮೆರಿಕನ್ ಫುಟ್‌ಬಾಲ್ ಪಂದ್ಯದ ರೀಲು ಅದು. ಜನವರಿ 25ಕ್ಕೆ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಅದರ ಪ್ರದರ್ಶನ ನಿಗದಿಯಾಗಿತ್ತು. ಮುಂಚಿತವಾಗಿ ಒಮ್ಮೆ ಹಾಕಿ ನೋಡಿದರು. ಡಾರ್ಟ್‌ಮತ್ ಹುಡುಗರು ಹೊಲಸು ಆಟ ಆಡಿದರು, ಬೇಕೆಂದೇ ಎದುರಾಳಿಯ ಮೈಮೇಲೆ ಬಿದ್ದರು ಎಂಬ ದೂರನ್ನು ಅಷ್ಟು ದಿನ ಕೇಳುತ್ತ ಬಂದವರಿಗೆ ರೀಲಿನಲ್ಲಿ ಅಂಥದ್ದೇನೂ ಕಾಣಲಿಲ್ಲ. ಮುಖ್ಯವಾದ ಭಾಗವನ್ನು ಯಾರೋ ಕತ್ತರಿಸಿರಬೇಕು ಎಂದುಕೊಂಡು ಅವರು ಕಾಲೇಜಿಗೆ ತಂತಿ ಕಳಿಸಿದರು. ಕತ್ತರಿಸಿದ್ದೇಕೆಂದು ತಿಳಿಸಿ, ಆ ತುಂಡನ್ನು ವಿಮಾನದ ಅಂಚೆಯಲ್ಲಿ ಕಳಿಸಿ, ಫಿಲ್ಮ್ ಜೋಡಿಸುವ ಸಲಕರಣೆ ನಮ್ಮಲ್ಲೇ ಇದೆ ಎಂಬುದು ಅದರ ಸಾರಾಂಶ.

ಎರಡು ಬಣಗಳಾಗಿ ಒಡೆದ ಜನ ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆ ಎಂಬುದರ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಈ ಪಂದ್ಯದಿಂದ ಶುರುವಾದ ಹುಡುಕಾಟದ ಫಲ. ಆ ಹುಡುಕಾಟ ಒಬ್ಬರದ್ದಲ್ಲ, ಒಂದು ದಿನದ್ದೂ ಅಲ್ಲ. ಎಪ್ಪತ್ತು ವರ್ಷಗಳಲ್ಲಿ ತುಂಡುತುಂಡಾಗಿ ಸಿಕ್ಕಿದ ಕತೆ.

ಪ್ರಿನ್ಸ್‌ಟನ್ ತಂಡ ಆ ವರ್ಷ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಅದರ ತಾರೆ ಡಿಕ್ ಕಾಜ್‌ಮೇಯರ್. ಟೈಮ್ ವಾರಪತ್ರಿಕೆಯ ಮುಖಪುಟದಲ್ಲಿ ಆಗಷ್ಟೇ ಕಾಣಿಸಿಕೊಂಡಿದ್ದ ಹುಡುಗ, ಕಾಲೇಜು ತಂಡದ ಪರವಾಗಿ ತನ್ನ ಕೊನೆಯ ಪಂದ್ಯ ಆಡುತ್ತಿದ್ದ. ಎರಡನೆಯ ಕ್ವಾರ್ಟರಿನಲ್ಲೇ ಮೂಗು ಮುರಿದು ಮೈದಾನ ಬಿಡಬೇಕಾಯಿತು. ಮೂರನೆಯ ಕ್ವಾರ್ಟರಿನಲ್ಲಿ ಡಾರ್ಟ್‌ಮತ್‌ನ ಆಟಗಾರನೊಬ್ಬನ ಕಾಲು ಮುರಿಯಿತು. ಪ್ರಿನ್ಸ್‌ಟನ್ 13–0 ಅಂಕಗಳಿಂದ ಗೆದ್ದಿತು. ಗೆಲುವಿನ ಮಾತು ಅಲ್ಲಿಗೆ ಮುಗಿದು ಜಗಳದ ಮಾತು ಶುರುವಾಯಿತು. ಕಾಜ್‌ಮೇಯರ್‌ನನ್ನು ಹೊಂಚುಹಾಕಿ ಹೊಡೆದರು ಎಂದು ಪ್ರಿನ್ಸ್‌ಟನ್‌ನ ವಿದ್ಯಾರ್ಥಿ ಪತ್ರಿಕೆ ಬರೆಯಿತು. ಅವನಿಗೆ ಆಕಸ್ಮಿಕವಾಗಿ ಪೆಟ್ಟಾದದ್ದೇ ನೆಪವಾಗಿ, ಪ್ರಿನ್ಸ್‌ಟನ್ ಕೋಚ್ ತನ್ನ ಹುಡುಗರಿಗೆ ಸೇಡಿನ ಕಿಚ್ಚು ಹಚ್ಚಿದ ಎಂದು ಡಾರ್ಟ್‌ಮತ್‌ನ ಪತ್ರಿಕೆ ಬರೆಯಿತು.

ಇದನ್ನೆಲ್ಲ ಓದುತ್ತಿದ್ದ ಇಬ್ಬರು ಮನಃಶಾಸ್ತ್ರಜ್ಞರಿಗೆ ಇದು ಬರೀ ಕಾಲೇಜು ಹುಡುಗರ ರಗಳೆ ಅನ್ನಿಸಲಿಲ್ಲ. ಡಾರ್ಟ್‌ಮತ್‌ನ ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಪ್ರಿನ್ಸ್‌ಟನ್‌ನ ಹ್ಯಾಡ್ಲಿ ಕ್ಯಾಂಟ್ರಿಲ್, ಅಂದರೆ ಜಗಳದ ಎರಡೂ ಮನೆಗಳಿಂದ ಒಬ್ಬೊಬ್ಬರು, ಜೊತೆಗೂಡಿದರು. ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನಾವಳಿ ಹಂಚಿದರು. ಒರಟಾಟ ಶುರು ಮಾಡಿದ್ದು ಯಾರು ಎಂಬ ಪ್ರಶ್ನೆಗೆ ಪ್ರಿನ್ಸ್‌ಟನ್‌ನ ಶೇ. 86 ಮಂದಿ ಡಾರ್ಟ್‌ಮತ್ ಎಂದರು. ಡಾರ್ಟ್‌ಮತ್‌ನಲ್ಲಿ ಹಾಗೆಂದವರು ಶೇ. 36 ಮಾತ್ರ, ಅರ್ಧಕ್ಕಿಂತ ಹೆಚ್ಚು ಮಂದಿ ಎರಡೂ ತಂಡದವರು ಎಂದರು.

ಇಷ್ಟರಲ್ಲಿ ಅಚ್ಚರಿಯೇನಿಲ್ಲ. ನೆನಪು ಅವರವರ ಕಡೆಗೆ ವಾಲುತ್ತದೆ, ಹೊಟ್ಟೆಯುರಿ ಮಾತಾಡುತ್ತದೆ ಎಂದು ತಳ್ಳಿಹಾಕಬಹುದಿತ್ತು. ಆದ್ದರಿಂದಲೇ ಅವರ ಎರಡನೆಯ ಹೆಜ್ಜೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಎರಡೂ ಕಡೆಯ ಇನ್ನೊಂದಿಷ್ಟು ವಿದ್ಯಾರ್ಥಿಗಳನ್ನು ಕೂರಿಸಿ ಆ ಪಂದ್ಯದ ರೀಲನ್ನೇ ತೋರಿಸಿದರು. ನಿಯಮ ಮುರಿದದ್ದು ಕಂಡಾಗಲೆಲ್ಲ ಗುರುತು ಹಾಕಿ, ಸಣ್ಣ ತಪ್ಪೋ ಘೋರ ತಪ್ಪೋ ಬರೆಯಿರಿ ಎಂದರು. ಇಲ್ಲಿ ನೆನಪಿನ ಆಟಕ್ಕೆ ಎಡೆಯಿಲ್ಲ. ಚಿತ್ರ ಕಣ್ಣೆದುರೇ ಓಡುತ್ತಿದೆ. ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಡಾರ್ಟ್‌ಮತ್ ತಂಡದಲ್ಲಿ ಸರಾಸರಿ 9.8 ತಪ್ಪು ಎಣಿಸಿದರು, ತಮ್ಮ ತಂಡದಲ್ಲಿ 4.2. ಡಾರ್ಟ್‌ಮತ್ ವಿದ್ಯಾರ್ಥಿಗಳು ತಮ್ಮ ತಂಡದಲ್ಲಿ ಎಣಿಸಿದ್ದು 4.3, ಪ್ರಿನ್ಸ್‌ಟನ್ ತಂಡದಲ್ಲಿ 4.4. ಡಾರ್ಟ್‌ಮತ್ ತಂಡದ ತಪ್ಪುಗಳು ಒಬ್ಬರ ಕಣ್ಣಿಗಿಂತ ಇನ್ನೊಬ್ಬರ ಕಣ್ಣಿಗೆ ಎರಡು ಪಟ್ಟಿಗೂ ಮಿಕ್ಕು.

ಅವರ ಪ್ರಬಂಧ 1954ರಲ್ಲಿ ಅಚ್ಚಾಯಿತು. ಅದರ ತೀರ್ಮಾನ ಆ ಕಾಲಕ್ಕೆ ದಿಟ್ಟವಾದದ್ದು. ಒಂದೇ ವಸ್ತುವಿನ ಬಗ್ಗೆ ಇಬ್ಬರಿಗೆ ಎರಡು ಅಭಿಪ್ರಾಯ ಎಂಬ ನಮ್ಮ ರೂಢಿಯ ಮಾತೇ ಸರಿಯಲ್ಲ, ಅವರು ನೋಡಿದ ವಸ್ತುವೇ ಬೇರೆಬೇರೆ ಎಂದರು. ತಂತಿ ಕಳಿಸಿದ ಆ ಹಳೆಯ ವಿದ್ಯಾರ್ಥಿ ಸುಳ್ಳು ಹೇಳುತ್ತಿರಲಿಲ್ಲ. ತನ್ನ ಕಾಲೇಜಿನ ಮಾನ ಉಳಿಸಲು ಕಂಡದ್ದನ್ನು ಬಚ್ಚಿಡುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಕಾಣಲಿಲ್ಲ. ಪಕ್ಷಪಾತಿಯನ್ನು ಸುಳ್ಳುಗಾರ ಎಂದು ಭಾವಿಸಿ ಮಾತಾಡುವ ನಾವು ಈ ಒಂದು ಸಂಗತಿಯನ್ನು ಮತ್ತೆಮತ್ತೆ ಮರೆಯುತ್ತೇವೆ.

ಇದಾಗಿ ಆರು ವರ್ಷಕ್ಕೆ, ಶೀತಲ ಸಮರ ಕುದಿಯುತ್ತಿದ್ದ ಹೊತ್ತಿನಲ್ಲಿ, ಇನ್ನೊಂದು ತುಂಡು ಸಿಕ್ಕಿತು. ಕಾರ್ನೆಲ್ ವಿಶ್ವವಿದ್ಯಾಲಯದ ಯೂರಿ ಬ್ರಾನ್‌ಫೆನ್‌ಬ್ರೆನರ್ ಹುಟ್ಟಿದ್ದು 1917ರಲ್ಲಿ, ಮಾಸ್ಕೋದಲ್ಲಿ. ಆರನೆಯ ವಯಸ್ಸಿಗೆ ಅಮೆರಿಕಕ್ಕೆ ಬಂದರೂ ಮನೆಮಾತು ರಷ್ಯನ್ ಮರೆತಿರಲಿಲ್ಲ. 1960ರ ಬೇಸಿಗೆಯಲ್ಲಿ ಅವರು ಸೋವಿಯತ್ ಒಕ್ಕೂಟಕ್ಕೆ ಹೋದರು. ಅಮೆರಿಕದ ಯು–2 ಬೇಹುಗಾರಿಕೆ ವಿಮಾನವನ್ನು ರಷ್ಯನ್ನರು ಹೊಡೆದುರುಳಿಸಿ ಕೆಲವೇ ತಿಂಗಳಾಗಿತ್ತು. ದುಭಾಷಿಯ ಹಂಗಿಲ್ಲದ ಬ್ರಾನ್‌ಫೆನ್‌ಬ್ರೆನರ್ ಒಬ್ಬರೇ ಓಡಾಡಿದರು. ರೈಲಿನಲ್ಲಿ, ಪಾರ್ಕಿನಲ್ಲಿ, ಹೋಟೆಲಿನ ಮೇಜಿನಲ್ಲಿ ಸಿಕ್ಕವರ ಜೊತೆ ಮಾತಿಗಿಳಿದರು.

ಸಿಕ್ಕವರೆಲ್ಲ ಅಮೆರಿಕದ ಬಗ್ಗೆ ಹೇಳಿದ್ದು ಅವರಿಗೆ ಎಲ್ಲೋ ಕೇಳಿದಂತಿತ್ತು. ಯುದ್ಧಕ್ಕೆ ಕಾಲು ಕೆರೆಯುವವರು ಅವರೇ. ಅಲ್ಲಿನ ಸರ್ಕಾರ ತನ್ನ ಜನರನ್ನೇ ಸುಲಿಯುತ್ತದೆ, ಮರುಳು ಮಾಡುತ್ತದೆ. ಜನರಿಗೆ ಆ ಆಡಳಿತ ಮನಸಾರೆ ಬೇಕಾಗಿಲ್ಲ. ಅವರ ಮಾತು ನಂಬುವಂತಿಲ್ಲ. ಅವರ ನೀತಿಯೋ, ಹುಚ್ಚಿಗೆ ಒಂದೇ ಗೇಣು. ಈ ಐದು ಮಾತುಗಳನ್ನು ಅವರು ಅಮೆರಿಕದಲ್ಲಿ ದಿನವೂ ಕೇಳುತ್ತಿದ್ದರು, ರಷ್ಯಾದ ಬಗ್ಗೆ. ಎರಡೂ ದೇಶದವರ ಕೈಯಲ್ಲಿದ್ದ ಚಿತ್ರ ಒಂದೇ, ಕೆಳಗಿನ ಹೆಸರು ಮಾತ್ರ ಅದಲುಬದಲು. 1961ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಇದನ್ನು ಕನ್ನಡಿಯ ಪ್ರತಿಬಿಂಬ ಎಂದು ಕರೆದರು. ಆ ಹೆಸರು ನಿಂತಿತು.

ಅದೇ ಪ್ರಬಂಧದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಅಮೆರಿಕದ ಐದಾರನೆಯ ತರಗತಿಯ ಮಕ್ಕಳಿಗೆ ರಷ್ಯಾದ ರಸ್ತೆಯೊಂದರ ಫೋಟೋ ತೋರಿಸಿದರು. ರಸ್ತೆಯ ಬದಿಗೆ ಸಾಲಾಗಿ ಎಳೆಯ ಮರಗಳು. ರಷ್ಯನ್ನರು ಇಲ್ಲಿ ಮರ ನೆಟ್ಟಿದ್ದೇಕೆ ಎಂದು ಕೇಳಿದರು. ಆಚೆ ಏನಿದೆಯೆಂದು ಯಾರಿಗೂ ಕಾಣದಿರಲಿ ಎಂದು, ಕೈದಿಗಳಿಗೆ ಕೆಲಸ ಕೊಡಲು ಎಂದು ಮಕ್ಕಳು ಉತ್ತರಿಸಿದರು. ಹಾಗಾದರೆ ನಮ್ಮಲ್ಲಿ ರಸ್ತೆ ಬದಿಗೆ ಮರ ನೆಡುವುದೇಕೆ? ನೆರಳಿಗೆ, ಧೂಳು ತಡೆಯಲಿಕ್ಕೆ. ಹತ್ತು–ಹನ್ನೊಂದು ವರ್ಷದ ಮಕ್ಕಳು ಅವು. ಯಾವ ಪಕ್ಷಕ್ಕೂ ಸೇರಿದವರಲ್ಲ, ಮತದಾನದ ಹಕ್ಕಿಲ್ಲ. ಮರದ ನೆರಳಿನಲ್ಲೂ ಸಂಚು ಕಾಣುವುದನ್ನು ಆ ವಯಸ್ಸಿಗೇ ಕಲಿತಿದ್ದರು ಎಂಬುದು ನನ್ನನ್ನು ಈ ಇಡೀ ಕತೆಯ ಬೇರೆಲ್ಲ ಅಂಕಿಗಳಿಗಿಂತ ಹೆಚ್ಚು ಕಾಡಿದೆ.

ಕೆಲವೇ ವರ್ಷಗಳಲ್ಲಿ ಸ್ಟೂವರ್ಟ್ ಆಸ್ಕಂಪ್ ಎಂಬುವರು ಇದನ್ನು ಪರೀಕ್ಷೆಗೊಡ್ಡಿದರು. ನೆರೆಯ ಗಡಿಯ ಹತ್ತಿರ ಕ್ಷಿಪಣಿ ನೆಲೆ ಕಟ್ಟುವಂಥ ಒಂದೇ ಕೆಲಸವನ್ನು ಅಮೆರಿಕ ಮಾಡಿತು ಎಂದಾಗ ಅಮೆರಿಕದ ವಿದ್ಯಾರ್ಥಿಗಳು ಕೊಟ್ಟ ಅಂಕವೇ ಬೇರೆ, ರಷ್ಯಾ ಮಾಡಿತು ಎಂದಾಗ ಕೊಟ್ಟ ಅಂಕವೇ ಬೇರೆ. ಕೆಲಸ ಯಾವುದೆಂಬುದಕ್ಕಿಂತ ಮಾಡಿದವರು ಯಾರೆಂಬುದು ಮೇಲಾಯಿತು.

ಆದರೆ ಫುಟ್‌ಬಾಲ್ ಅಭಿಮಾನಿ ಆವೇಶದಲ್ಲಿರುತ್ತಾನೆ. ಶತ್ರುದೇಶದ ಬಗ್ಗೆ ಭಯವಿರುತ್ತದೆ. ತಣ್ಣಗೆ ಕೂತು ಪುರಾವೆ ಓದುವ ವಿದ್ಯಾವಂತನಿಗೂ ಹೀಗಾಗುತ್ತದೆಯೇ? ಈ ಪ್ರಶ್ನೆ ಎತ್ತಿಕೊಂಡದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಹ್ಯಾಸ್ಟಾರ್ಫ್ ಕೂಡ ಅಷ್ಟರಲ್ಲಿ ಅಲ್ಲಿಗೇ ಬಂದು ನೆಲೆಸಿದ್ದರು. ಅಲ್ಲಿನ ಲೀ ರಾಸ್, ಮಾರ್ಕ್ ಲೆಪರ್ ಮತ್ತು ಚಾರ್ಲ್ಸ್ ಲಾರ್ಡ್ ಆರಿಸಿಕೊಂಡ ವಿಷಯ ಮರಣದಂಡನೆ. ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಗಲ್ಲಿಗೆ ಮತ್ತೆ ಹಾದಿ ತೆರೆದಿತ್ತು, ದೇಶ ಎರಡಾಗಿ ವಾದಿಸುತ್ತಿತ್ತು.

ಗಲ್ಲು ಬೇಕೆನ್ನುವ 24 ವಿದ್ಯಾರ್ಥಿಗಳು, ಬೇಡವೆನ್ನುವ 24 ವಿದ್ಯಾರ್ಥಿಗಳು. ಎಲ್ಲರಿಗೂ ಎರಡೆರಡು ಅಧ್ಯಯನಗಳನ್ನು ಓದಲು ಕೊಟ್ಟರು. ಎರಡೂ ಸಂಶೋಧಕರೇ ಕಟ್ಟಿದವು, ಆದರೆ ಓದುವವರಿಗೆ ಅದು ತಿಳಿಯದು. ಒಂದು, ಗಲ್ಲು ಜಾರಿಗೆ ಬರುವ ಮೊದಲು ಮತ್ತು ಬಂದ ಮೇಲೆ ಅದೇ ರಾಜ್ಯಗಳಲ್ಲಿ ಕೊಲೆಗಳ ಸಂಖ್ಯೆ ಹೋಲಿಸಿದ್ದು. ಇನ್ನೊಂದು, ಗಲ್ಲು ಇರುವ ರಾಜ್ಯವನ್ನೂ ಇಲ್ಲದ ನೆರೆರಾಜ್ಯವನ್ನೂ ಜೋಡಿಯಾಗಿಟ್ಟು ಹೋಲಿಸಿದ್ದು. ಒಂದರ ಫಲಿತಾಂಶ ಗಲ್ಲಿನಿಂದ ಕೊಲೆ ತಗ್ಗುತ್ತದೆ ಎಂದರೆ ಇನ್ನೊಂದರದ್ದು ಇಲ್ಲ ಎನ್ನುತ್ತದೆ. ಯಾವ ವಿಧಾನಕ್ಕೆ ಯಾವ ಫಲಿತಾಂಶ ಎಂಬುದನ್ನು ಅರ್ಧ ಮಂದಿಗೆ ಅದಲುಬದಲು ಮಾಡಿ ಕೊಟ್ಟಿದ್ದರು. ಪ್ರಯೋಗದ ಜಾಣತನವೆಲ್ಲ ಇರುವುದು ಈ ಅದಲುಬದಲಿನಲ್ಲೇ.

ಅವರು ಓದಿದ ರೀತಿ ನೋಡಿ. ಮೊದಲು–ಆಮೇಲೆ ಹೋಲಿಸುವ ಅಧ್ಯಯನ ತನ್ನ ಪರವಾಗಿ ಬಂದರೆ ವಿದ್ಯಾರ್ಥಿ ಅದನ್ನು ಮೆಚ್ಚುತ್ತಾನೆ. ವಿರುದ್ಧವಾಗಿ ಬಂದರೆ, ಆ ಅವಧಿಯಲ್ಲಿ ಬೇರೇನೇನು ಬದಲಾಗಿರಬಹುದು, ಅದನ್ನೇಕೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ತಕರಾರು ತೆಗೆಯುತ್ತಾನೆ. ನೆರೆರಾಜ್ಯಗಳ ಅಧ್ಯಯನಕ್ಕೂ ಅದೇ ಗತಿ. ಒಲಿದರೆ ಪುರಾವೆ, ಒಲಿಯದಿದ್ದರೆ ಎರಡು ರಾಜ್ಯಗಳು ಹೇಗೆ ಸಮವಾದಾವು ಎಂಬ ಪ್ರಶ್ನೆ. ಒಂದೊಂದಾಗಿ ನೋಡಿದರೆ ಆ ಆಕ್ಷೇಪಗಳಲ್ಲಿ ಯಾವುದೂ ಮೂರ್ಖತನದ್ದಲ್ಲ. ನುರಿತ ಪರೀಕ್ಷಕರು ಎತ್ತುವಂಥವೇ. ಆದರೆ ಅವು ಏಳುವುದು ಬೇಡದ ಫಲಿತಾಂಶ ಎದುರಾದಾಗ ಮಾತ್ರ. ಗಲ್ಲು ಬೇಕೆಂದವರೂ ಹೀಗೆ, ಬೇಡವೆಂದವರೂ ಹೀಗೆ. ಹಿಡಿದ ತಕ್ಕಡಿ ಒಂದೇ, ಕೈಯಿಟ್ಟು ಒತ್ತಿದ ತಟ್ಟೆ ಮಾತ್ರ ಬೇರೆ.

ಪರ–ವಿರೋಧ ಎರಡನ್ನೂ ಓದಿದವನಿಗೆ ತನ್ನ ನಿಲುವಿನ ಬಗ್ಗೆ ಕೊಂಚವಾದರೂ ಅನುಮಾನ ಬರಬೇಕಲ್ಲ? ಬರಲಿಲ್ಲ. ಓದಿದ ಮೇಲೆ ತಮ್ಮ ನಿಲುವು ಇನ್ನಷ್ಟು ಗಟ್ಟಿಯಾಯಿತು ಎಂದು ಎರಡೂ ಗುಂಪಿನವರು ತಾವೇ ಹೇಳಿಕೊಂಡರು. 1979ರಲ್ಲಿ ಈ ಪ್ರಬಂಧ ಪ್ರಕಟವಾಯಿತು. ಮಾಹಿತಿ ಕೊಟ್ಟರೆ ಜನ ಹತ್ತಿರ ಬರುತ್ತಾರೆ ಎಂಬ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ಅದು.

ಮೂರು ವರ್ಷ ಕಳೆದು, 1982ರ ಸೆಪ್ಟೆಂಬರಿನಲ್ಲಿ, ಬೈರೂತಿನಿಂದ ಘೋರವಾದ ಸುದ್ದಿ ಬಂತು. ಇಸ್ರೇಲಿ ಸೇನೆಯ ಕಾವಲಿದ್ದ ಸಾಬ್ರಾ ಮತ್ತು ಶಟೀಲಾ ಎಂಬ ಪ್ಯಾಲೆಸ್ತೀನಿ ನಿರಾಶ್ರಿತರ ವಸತಿಗಳಿಗೆ ಲೆಬನಾನಿನ ಫಲಾಂಜ್ ಪಡೆಯವರು ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದರು. ಅಮೆರಿಕದ ಟಿವಿ ವಾಹಿನಿಗಳು ದಿನವೂ ಅದನ್ನು ತೋರಿಸಿದವು. ಇಸ್ರೇಲಿನ ಪರವಾದವರು ಸುದ್ದಿ ಅರಬರ ಕಡೆಗೆ ವಾಲಿದೆ ಎಂದು ದೂರಿದರು, ಅರಬರ ಪರವಾದವರು ಇಸ್ರೇಲಿನ ಕಡೆಗೆ ವಾಲಿದೆ ಎಂದು ದೂರಿದರು. ರಾಸ್ ಮತ್ತು ಲೆಪರ್, ರಾಬರ್ಟ್ ವಲೋನ್ ಜೊತೆ ಸೇರಿ, ಹ್ಯಾಸ್ಟಾರ್ಫ್ ಮಾಡಿದ್ದನ್ನೇ ಮಾಡಿದರು. ಪ್ರಸಾರವಾದ ಸುದ್ದಿಗಳ ತುಣುಕುಗಳನ್ನು ಜೋಡಿಸಿ ಸ್ಟ್ಯಾನ್‌ಫರ್ಡ್‌ನ 144 ವಿದ್ಯಾರ್ಥಿಗಳಿಗೆ ತೋರಿಸಿದರು.

ಇಲ್ಲಿ ಫುಟ್‌ಬಾಲ್ ಪಂದ್ಯಕ್ಕಿಂತ ಒಂದು ಹೆಜ್ಜೆ ಮುಂದಿನ ಸಂಗತಿ ಕಂಡಿತು. ಪಂದ್ಯದಲ್ಲಿ ಜನ ತಮಗೆ ಬೇಕಾದ್ದನ್ನು ನೋಡಿದ್ದರು. ಸುದ್ದಿಯಲ್ಲಿ ತಮಗೆ ಬೇಡವಾದದ್ದನ್ನೇ ನೋಡಿದರು. ಅರಬರ ಪರವಾದವರಿಗೆ ಇಸ್ರೇಲಿನ ಉಲ್ಲೇಖಗಳಲ್ಲಿ ಶೇ. 42 ಹೊಗಳಿಕೆಯಾಗಿ ಕಂಡವು, ಶೇ. 26 ತೆಗಳಿಕೆಯಾಗಿ. ಇಸ್ರೇಲಿನ ಪರವಾದವರಿಗೆ ಅದೇ ತುಣುಕುಗಳಲ್ಲಿ ಹೊಗಳಿಕೆ ಶೇ. 16, ತೆಗಳಿಕೆ ಶೇ. 57. ಪಕ್ಷವಿಲ್ಲದವನೊಬ್ಬ ಇದನ್ನು ನೋಡಿದರೆ ನಮ್ಮ ಕಡೆಗೆ ಬೆನ್ನು ತಿರುಗಿಸುತ್ತಾನೆ ಎಂಬ ಆತಂಕ ಇಬ್ಬರದೂ. ಆ ವಿಷಯವನ್ನು ಹೆಚ್ಚು ತಿಳಿದವರಿಗೇ ಪಕ್ಷಪಾತ ಹೆಚ್ಚು ಕಂಡಿತ್ತು.

ಲೀ ರಾಸ್ ಇದೆಲ್ಲದರ ಬೇರನ್ನು ಹುಡುಕುತ್ತ ಹೋದರು. ಅವರಿಗೆ ಸಿಕ್ಕ ವಿವರಣೆ ಸರಳ. ಪ್ರತಿಯೊಬ್ಬನೂ ತಾನು ಜಗತ್ತನ್ನು ಇದ್ದದ್ದು ಇದ್ದ ಹಾಗೆ ಕಾಣುತ್ತೇನೆ ಎಂದು ನಂಬಿರುತ್ತಾನೆ. ಹಾಗಿದ್ದ ಮೇಲೆ ಬುದ್ಧಿ ನೆಟ್ಟಗಿರುವ ಯಾರೇ ಆದರೂ ತನ್ನಂತೆಯೇ ಕಾಣಬೇಕು. ಕಾಣದಿದ್ದರೆ ಅವನಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಯೋಚಿಸುವ ಶಕ್ತಿಯಿಲ್ಲ, ಇಲ್ಲವೇ ಸ್ವಾರ್ಥವೋ ದ್ವೇಷವೋ ಅವನ ಕಣ್ಣು ಕಟ್ಟಿದೆ. ಎದುರು ಪಕ್ಷದ ನೆಂಟನ ಬಗ್ಗೆ ನಾವು ಮನೆಯಲ್ಲಿ ಆಡುವ ಮಾತುಗಳನ್ನು ನೆನಪಿಸಿಕೊಂಡರೆ ಈ ಮೂರರಾಚೆ ನಾಲ್ಕನೆಯದು ಸಿಗುವುದು ಕಷ್ಟ.

ರಾಸ್ ಅವರ ಬಳಗ ಹಾಕಿದ ಈ ದಾರಿಯಲ್ಲಿ ಹಲವರು ನಡೆದರು. ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ಪಕ್ಷ ರಾಜಕಾರಣಕ್ಕೆ ನೇರವಾಗಿ ಕೈಹಾಕಿತು. ಬಡ ಕುಟುಂಬಗಳಿಗೆ ಸರ್ಕಾರಿ ನೆರವು ಕೊಡುವ ಎರಡು ಯೋಜನೆಗಳನ್ನು ಅವರು ಬರೆದರು. ಒಂದು ಧಾರಾಳದ್ದು: ಒಂದು ಮಗುವಿರುವ ಮನೆಗೆ ತಿಂಗಳಿಗೆ ಸುಮಾರು 800 ಡಾಲರ್, ಜೊತೆಗೆ ಪೂರ್ತಿ ವೈದ್ಯಕೀಯ ವಿಮೆ. ಇನ್ನೊಂದು ಬಿಗಿಮುಷ್ಟಿಯದ್ದು: ತಿಂಗಳಿಗೆ 250 ಡಾಲರ್, ಅರೆಬರೆ ವಿಮೆ. ಪಕ್ಷದ ಹೆಸರಿಲ್ಲದೆ ಕೇಳಿದಾಗ ಉದಾರವಾದಿ ವಿದ್ಯಾರ್ಥಿಗಳು ಧಾರಾಳದ್ದನ್ನು, ಸಂಪ್ರದಾಯವಾದಿಗಳು ಬಿಗಿಯಾದದ್ದನ್ನು ಒಪ್ಪಿದರು. ಇದನ್ನು ಡೆಮಾಕ್ರಾಟರು ಬೆಂಬಲಿಸಿದ್ದಾರೆ, ಇದನ್ನು ರಿಪಬ್ಲಿಕನ್ನರು ಬೆಂಬಲಿಸಿದ್ದಾರೆ ಎಂದು ಸೇರಿಸಿದ ಕೂಡಲೇ ಯೋಜನೆಯೊಳಗೆ ಏನಿದೆ ಎಂಬುದಕ್ಕೆ ಬೆಲೆಯೇ ಉಳಿಯಲಿಲ್ಲ. ತಮ್ಮ ಪಕ್ಷ ಒಪ್ಪಿದೆ ಎಂದರೆ ಉದಾರವಾದಿ 250 ಡಾಲರಿಗೂ ಹೂಂ ಎಂದ, ಸಂಪ್ರದಾಯವಾದಿ 800 ಡಾಲರಿಗೂ ಹೂಂ ಎಂದ. ಏಕೆ ಒಪ್ಪಿದಿರಿ ಎಂದು ಕೇಳಿದರೆ ಯೋಜನೆಯ ವಿವರಗಳನ್ನು ನೋಡಿ, ನನ್ನ ತತ್ವವನ್ನು ನೋಡಿ ಎಂದರು. ಎದುರು ಪಕ್ಷದವರು ಮಾತ್ರ ನಾಯಕರು ಹೇಳಿದಂತೆ ಕುಣಿಯುತ್ತಾರೆ ಎಂಬ ಅಭಿಪ್ರಾಯ ಎರಡೂ ಕಡೆ ಇತ್ತು.

ಇಫಾತ್ ಮಾಓಜ್ ಮತ್ತು ಜೊತೆಗಾರರು ಇಸ್ರೇಲಿನಲ್ಲಿ ತೋರಿಸಿಕೊಟ್ಟದ್ದೂ ಇದೇ ಜಾತಿಯದು. ಇಸ್ರೇಲಿ ಸಂಧಾನಕಾರರೇ ಬರೆದಿದ್ದ ಶಾಂತಿ ಪ್ರಸ್ತಾವವನ್ನು ಪ್ಯಾಲೆಸ್ತೀನಿಯರದ್ದು ಎಂದು ಹೇಳಿ ಓದಿಸಿದಾಗ ಇಸ್ರೇಲಿ ಯಹೂದಿಗಳ ಕಣ್ಣಿಗೆ ಅದು ಕಳಪೆಯಾಯಿತು.

ಇನ್ನು ದ್ವೇಷದ ಮಾತು. ಸ್ಟ್ಯಾನ್‌ಫರ್ಡ್‌ನ ಶಾಂತೊ ಅಯ್ಯಂಗಾರ್ ಅವರು ಗೌರವ್ ಸೂದ್ ಮತ್ತು ಇಫ್ತಾಕ್ ಲೆಲ್ಕಸ್ ಜೊತೆ ಬರೆದ 2012ರ ಪ್ರಬಂಧದಲ್ಲಿ ಹಳೆಯ ಸಮೀಕ್ಷೆಗಳನ್ನು ಕೆದಕಿದರು. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂಬ ಪ್ರಶ್ನೆಗೆ 1960ರಲ್ಲಿ ಹೌದೆಂದವರು ರಿಪಬ್ಲಿಕನ್ನರಲ್ಲಿ ಶೇ. 5, ಡೆಮಾಕ್ರಾಟರಲ್ಲಿ ಶೇ. 4. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ, ಡೆಮಾಕ್ರಾಟರಲ್ಲಿ ಮೂರರಲ್ಲೊಂದು ಪಾಲು. ನಮ್ಮಲ್ಲಿ ಜಾತಿಗೆ ಕೇಳುವ ಪ್ರಶ್ನೆ ಅಲ್ಲಿ ಪಕ್ಷಕ್ಕೆ ಬಂದಿತ್ತು. ನೀತಿಯ ಭಿನ್ನಮತ ಬೆಳೆದದ್ದಕ್ಕಿಂತ ಒಬ್ಬರ ಮೇಲೊಬ್ಬರ ಅಸಹ್ಯ ಬೆಳೆದದ್ದು ಹೆಚ್ಚು ಎಂದು ಅವರು ವಾದಿಸಿದರು.

ಯಾರನ್ನು ನೋಡಿ ಅಸಹ್ಯ? ಡಗ್ಲಸ್ ಆಲರ್ ಮತ್ತು ಅದೇ ಗೌರವ್ ಸೂದ್ 2018ರಲ್ಲಿ ಕೊಟ್ಟ ಉತ್ತರ ನಾನು ಓದಿದವುಗಳಲ್ಲಿ ಅತ್ಯಂತ ದುಃಖದ್ದು. ಡೆಮಾಕ್ರಾಟರಲ್ಲಿ ಸಲಿಂಗಿಗಳು ಮತ್ತು ದ್ವಿಲಿಂಗಿಗಳು ಎಷ್ಟು ಎಂದು ಕೇಳಿದರೆ ಜನರ ಸರಾಸರಿ ಅಂದಾಜು ಶೇ. 32. ನಿಜವಾಗಿ ಆಗ ಇದ್ದದ್ದು ಶೇ. 6ರಷ್ಟು. ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚು ಗಳಿಸುವ ರಿಪಬ್ಲಿಕನ್ನರು ಎಷ್ಟು ಎಂದರೆ ಅಂದಾಜು ಶೇ. 38. ನಿಜವಾಗಿ ಶೇ. 2ರಷ್ಟು. ರಾಜಕೀಯ ಸುದ್ದಿಯಲ್ಲಿ ಹೆಚ್ಚು ಆಸಕ್ತಿಯುಳ್ಳವರ ಅಂದಾಜು ಹೆಚ್ಚು ತಪ್ಪಾಗಿತ್ತು. ಇದ್ದದ್ದಕ್ಕಿಂತ ಐದು ಪಟ್ಟು, ಹತ್ತೊಂಬತ್ತು ಪಟ್ಟು ಹಿಗ್ಗಿಸಿಕೊಂಡ ಆಕೃತಿಯನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ದೇಶ ಜಗಳವಾಡುತ್ತಿದೆ. ಎಮಿಲ್ ಬ್ರೂನೋ ಮತ್ತು ಸಮಾಂಥಾ ಮೂರ್–ಬರ್ಗ್ ಅವರ ತಂಡ 2020ರಲ್ಲಿ ಇದಕ್ಕೆ ಮತ್ತೊಂದು ಪದರ ಸೇರಿಸಿತು: ಎದುರಿನವರು ನಮ್ಮನ್ನು ಎಷ್ಟು ದ್ವೇಷಿಸುತ್ತಾರೆ, ಎಷ್ಟು ಹೀನವಾಗಿ ಕಾಣುತ್ತಾರೆ ಎಂಬುದನ್ನೂ ಎರಡೂ ಪಕ್ಷದವರು ಇದ್ದದ್ದಕ್ಕಿಂತ ಬಹಳ ಹೆಚ್ಚಾಗಿ ಊಹಿಸುತ್ತಾರೆ. ಇಲ್ಲದ ದ್ವೇಷಕ್ಕೆ ಕೊಟ್ಟ ಉತ್ತರವೇ ಕೊನೆಗೆ ಇರುವ ದ್ವೇಷವಾಗುತ್ತದೆ.

ಇಲ್ಲಿ ನಿಂತು ಒಂದು ಮಾತನ್ನು ಖಚಿತವಾಗಿ ಹೇಳಬೇಕು, ಏಕೆಂದರೆ ಈ ಸಂಶೋಧನೆಗಳನ್ನು ಓದಿದವರು ಸುಲಭವಾಗಿ ಜಾರುವ ಜಾಗ ಇದು. ಇಬ್ಬರೂ ಒಂದೇ ರೀತಿ ಎಡವುತ್ತಾರೆ ಎಂದರೆ ಇಬ್ಬರೂ ಸಮನಾಗಿ ತಪ್ಪಿತಸ್ಥರು ಎಂದಲ್ಲ. ಆ ಪಂದ್ಯಕ್ಕೇ ಹೋಗೋಣ. ರೆಫರಿಗಳು ಡಾರ್ಟ್‌ಮತ್‌ಗೆ ಒಟ್ಟು 70 ಗಜ ಹಿಂದೆ ಸರಿಯುವ ದಂಡ ವಿಧಿಸಿದ್ದರು, ಪ್ರಿನ್ಸ್‌ಟನ್‌ಗೆ 25 ಗಜ. ಕಣ್ಣುಗಳು ಎರಡೂ ಕಡೆ ವಾಲಿದ್ದು ನಿಜ, ಆದರೆ ದಾಖಲೆ ಒಂದು ಕಡೆಗೆ ಹೆಚ್ಚು ಬೊಟ್ಟು ಮಾಡುತ್ತದೆ. ಬೈರೂತಿನಲ್ಲಿ ಕೊಲೆಯಾದವರು ಕೊಲೆಯಾದರು; ಇಸ್ರೇಲ್ ತಾನೇ ನೇಮಿಸಿದ ಕಾಹಾನ್ ಆಯೋಗ 1983ರಲ್ಲಿ ತನ್ನ ದೇಶದ ಮೇಲೆ ಪರೋಕ್ಷ ಹೊಣೆಯನ್ನೂ ರಕ್ಷಣಾ ಸಚಿವ ಏರಿಯಲ್ ಶರೋನ್ ಮೇಲೆ ವೈಯಕ್ತಿಕ ಹೊಣೆಯನ್ನೂ ಹೊರಿಸಿತು. ಎರಡೂ ಕಡೆಯವರು ಟಿವಿಯನ್ನು ಬೈದರು ಎಂಬುದರಿಂದ ಆ ಹೊಣೆ ಹಗುರವಾಗುವುದಿಲ್ಲ. ಎರಡೂ ಕಡೆಯವರು ಕಿರುಚುತ್ತಿದ್ದಾರೆ, ಆದ್ದರಿಂದ ಸತ್ಯ ಸರಿಯಾಗಿ ನಡುವೆ ಇದೆ ಎನ್ನುವುದು ಸೋಮಾರಿಯ ತೀರ್ಪು.

ಎರಡೂ ಕಡೆಯವರು ಸಮನಾಗಿ ಎಡವುತ್ತಾರೆಯೇ ಎಂಬ ಬಗ್ಗೆ ವಿಜ್ಞಾನಿಗಳ ನಡುವೆಯೂ ಜಗಳ ಉಂಟು. ಸಂಪ್ರದಾಯವಾದಿಗಳ ಮನಸ್ಸೇ ಅನಿಶ್ಚಿತತೆಯನ್ನು ಸಹಿಸದ, ಬಿಗಿಯಾದ ಮನಸ್ಸು ಎಂದು ಜಾನ್ ಜಾಸ್ಟ್ ಮತ್ತು ಸಂಗಡಿಗರು 2003ರಲ್ಲಿ ಬಹಳಷ್ಟು ಅಧ್ಯಯನಗಳನ್ನು ಒಟ್ಟುಗೂಡಿಸಿ ವಾದಿಸಿದ್ದರು. ಪೀಟರ್ ಡಿಟೊ ಮತ್ತು ಬಳಗ 2019ರಲ್ಲಿ 51 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ 18,000ಕ್ಕೂ ಹೆಚ್ಚು ಜನರನ್ನು ಒಂದೇ ಅಳತೆಗೆ ತಂದು ನೋಡಿತು. ತಮ್ಮ ಕಡೆಯ ಮಾಹಿತಿಯನ್ನು ಮೆದುವಾಗಿ, ಎದುರಿನದನ್ನು ಕಠಿಣವಾಗಿ ಪರೀಕ್ಷಿಸುವ ಚಾಳಿ, ಸಹಸಂಬಂಧದ ಅಳತೆಯಲ್ಲಿ, ಉದಾರವಾದಿಗಳಲ್ಲಿ 0.235, ಸಂಪ್ರದಾಯವಾದಿಗಳಲ್ಲಿ 0.255. ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು. ಅದೇ ವರ್ಷ ಜೊನಾಥನ್ ಬ್ಯಾರನ್ ಮತ್ತು ಜಾಸ್ಟ್ ಇದು ಸುಳ್ಳು ಸಮೀಕರಣ, ಪ್ರಯೋಗಗಳ ವಿನ್ಯಾಸದಲ್ಲೇ ದೋಷವಿದೆ ಎಂದು ಮರುತ್ತರ ಕೊಟ್ಟರು. ಈ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಡಿಟೊ ಅವರ ಪುರಾವೆಯ ತೂಕ ಹೆಚ್ಚು. ಆದರೆ ಅದು ತೂಗುವುದು ಜನ ಪುರಾವೆಯನ್ನು ನಡೆಸಿಕೊಳ್ಳುವ ರೀತಿಯನ್ನು, ಯಾವ ಪಕ್ಷ ಸರಿ ಎಂಬುದನ್ನಲ್ಲ.

ಉಳಿದದ್ದು ಮದ್ದಿನ ಮಾತು. ಅದು ಸಿಕ್ಕದ್ದು ಬಹಳ ಹಿಂದೆಯೇ, 1984ರಲ್ಲಿ, ಅದೇ ಲಾರ್ಡ್ ಮತ್ತು ಲೆಪರ್ ಅವರಿಗೆ. ಎಲಿಜಬೆತ್ ಪ್ರೆಸ್ಟನ್ ಜೊತೆಗಿದ್ದರು. ಮರಣದಂಡನೆಯ ಪ್ರಯೋಗವನ್ನು ಮತ್ತೆ ನಡೆಸಿದರು. ಈ ಬಾರಿ ಕೆಲವರಿಗೆ, ಪಕ್ಷಪಾತ ಮಾಡಬೇಡಿ, ನ್ಯಾಯಾಧೀಶರ ಹಾಗೆ ತೂಗಿ ನೋಡಿ ಎಂದು ಮೊದಲೇ ಬುದ್ಧಿ ಹೇಳಿದರು. ಏನೂ ಪ್ರಯೋಜನವಾಗಲಿಲ್ಲ. ಅವರೆಲ್ಲ ತಾವು ತೂಗಿಯೇ ನೋಡುತ್ತಿದ್ದೇವೆ ಎಂದುಕೊಂಡಿದ್ದರು. ಇನ್ನು ಕೆಲವರಿಗೆ ಬುದ್ಧಿ ಹೇಳದೆ ಒಂದು ಪ್ರಶ್ನೆ ಕೊಟ್ಟರು. ಒಂದೊಂದು ಹಂತದಲ್ಲೂ ಕೇಳಿಕೊಳ್ಳಿ, ಇದೇ ಅಧ್ಯಯನ ಇದೇ ವಿಧಾನದಲ್ಲಿ ನಡೆದು ಫಲಿತಾಂಶ ತಿರುಗುಮುರುಗಾಗಿ ಬಂದಿದ್ದರೆ ಆಗಲೂ ನಾನು ಇದನ್ನೇ ಹೇಳುತ್ತಿದ್ದೆನೇ? ಆ ಗುಂಪಿನಲ್ಲಿ ವಾಲಿಕೆ ಬಹುಮಟ್ಟಿಗೆ ಇಳಿಯಿತು.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮಗೆ ಬೇಡವಾದ ನಾಯಕನ ಮೇಲಿನ ಆರೋಪದ ಸುದ್ದಿ ಈ ವಾರ ಒಂದಾದರೂ ನಿಮ್ಮ ಕೈಗೆ ಬರುತ್ತದೆ. ಅದನ್ನು ಹಂಚುವ ಮೊದಲು, ಆ ಹೆಸರಿನ ಜಾಗದಲ್ಲಿ ನಿಮಗೆ ಬೇಕಾದ ನಾಯಕನ ಹೆಸರಿಟ್ಟು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿ. ಆಗಲೂ ಆ ಪುರಾವೆ ಸಾಕೆನಿಸಿದರೆ ಹಂಚಿ.